ಮಂಜುಗಡ್ಡೆಯ ಮೇಲಿನ ನರ್ತಕ ಜಾಕ್ಸನ್ ಹೇನ್ಸ್

ಚಳಿಗಾಲ ಬಂದೊಡನೆ ಕೆರೆಗಳೂ ನದಿಗಳೂ ಹೆಪ್ಪುಗಟ್ಟಿ ಕಲ್ಲಿನಂತಾಗುವ ಉತ್ತರದ ಶೀತದೇಶಗಳಲ್ಲಿ, ಪಾದಗಳಿಗೆ ಅಲಗುಗಳನ್ನು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ ಸಾಗುವುದು ಬಹುಕಾಲದ ರೂಢಿ. ಈ ಸಾಧನಕ್ಕೆ ಸ್ಕೇಟ್ ಎಂದು ಹೆಸರು. ದಾರಿ ಸವೆಸುವುದಕ್ಕೆಂದು ಹುಟ್ಟಿದ ಈ ಉಪಾಯವನ್ನು ಸಂಗೀತದೊಡನೆ ಮೇಳವಿಸಿ ಕಲೆಯ ಪದವಿಗೆ ಏರಿಸಿದವರಲ್ಲಿ ಅಗ್ರಗಣ್ಯನು ಅಮೆರಿಕದ ಜಾಕ್ಸನ್ ಹೇನ್ಸ್.

ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಹೇನ್ಸ್ ಬ್ಯಾಲೆ ನೃತ್ಯದಲ್ಲಿ ಪರಿಶ್ರಮವುಳ್ಳವನಾಗಿದ್ದನು. ಆ ಕಾಲದ ಸ್ಕೇಟಿಂಗ್ ಪಟುಗಳಾದರೋ ಮೈಯನ್ನು ಬಿಗಿಹಿಡಿದು, ವೃತ್ತವೇ ಮೊದಲಾದ ಆಕೃತಿಗಳನ್ನು ಮಂಜುಗಡ್ಡೆಯ ಮೇಲೆ ತಪ್ಪಿಲ್ಲದೆ ಕೊರೆಯುವುದನ್ನೇ ಪಾಂಡಿತ್ಯವೆಂದು ಭಾವಿಸಿದ್ದರು. ತೋಳುಗಳನ್ನು ಬೀಸಿ, ಮೈಯನ್ನು ಬಾಗಿಸಿ ಕುಣಿಯುವ ಹೇನ್ಸ್‌ನ ರೀತಿ ಅವರಿಗೆ ರುಚಿಸಲಿಲ್ಲ.

ಅವನಿಗೆ ಇನ್ನೊಂದು ಅಡ್ಡಿಯೂ ಇತ್ತು. ಅಂದಿನ ಅಲಗುಗಳನ್ನು ಸಾಮಾನ್ಯವಾಗಿ ತೊಗಲಿನ ಪಟ್ಟಿಗಳಿಂದಲೋ ಹಿಡಿಕೆಗಳಿಂದಲೋ ಬೂಟಿಗೆ ಬಿಗಿಯುತ್ತಿದ್ದರು. ಜೋರಾಗಿ ತಿರುಗಿದರೆ ಕಟ್ಟು ಸಡಿಲುವುದು. ಕಟ್ಟು ಸಡಿಲಿದರೆ ಕಾಲು ಹೊರಳುವುದು. ಹೇನ್ಸ್ ಅಲಗನ್ನು ತಿರುಪುಮೊಳೆಗಳಿಂದ ಬೂಟಿಗೇ ಶಾಶ್ವತವಾಗಿ ಜೋಡಿಸಿದನು. ಪಾದವೂ ಅಲಗೂ ಒಂದೇ ಅಂಗವಾದವು. ಪಾದ ಎಷ್ಟು ವಾಲಿತೋ ಅಲಗೂ ಅಷ್ಟೇ ವಾಲಿತು. ಒಂದು ಕಾಲಿನ ಮೇಲೆ ಕುಳಿತಂತೆ ಬಾಗಿ, ಇನ್ನೊಂದನ್ನು ಮುಂದಕ್ಕೆ ಚಾಚಿ ಬುಗುರಿಯಂತೆ ಸುತ್ತುವ ಭಂಗಿಯನ್ನು ರೂಪಿಸಿದ ಕೀರ್ತಿಯೂ ಅವನಿಗೇ ಸಲ್ಲುತ್ತದೆ.

ಸ್ವದೇಶದಲ್ಲಿ ಮನ್ನಣೆ ದೊರೆಯದೆ, 1860ರ ದಶಕದ ನಡುವಿನಲ್ಲಿ ಪತ್ನಿ ಮಕ್ಕಳನ್ನು ಬಿಟ್ಟು ಹೇನ್ಸ್ ಯೂರೋಪಿಗೆ ತೆರಳಿದನು. ವಾಲ್ಟ್ಸ್ ಸಂಗೀತದ ತವರಾದ ವಿಯೆನ್ನಾ ನಗರವು ಅವನನ್ನು ಆದರದಿಂದ ಬರಮಾಡಿಕೊಂಡಿತು. ವಾದ್ಯಗಳ ಲಯಕ್ಕೆ ಹೆಜ್ಜೆ ಹಾಕುತ್ತ ಮಂಜುಗಡ್ಡೆಯ ಮೇಲೆ ಅವನು ನರ್ತಿಸಿದುದನ್ನು ಕಂಡು ಜನರು ಬೆರಗಾದರು. ಅವನ ಮಾರ್ಗವನ್ನು ಅನುಸರಿಸಿದವರಿಂದ ವಿಯೆನ್ನಾ ಸಂಪ್ರದಾಯವೇ ಬೆಳೆಯಿತು.

ಆದರೆ ತನ್ನ ಶೈಲಿ ತಾಯ್ನಾಡಿನಲ್ಲಿ ಬೇರೂರಿದುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1875ರಲ್ಲಿ ಫಿನ್‌ಲೆಂಡಿನ ಗಮ್ಲಕಾರ್ಲೆಬಿ ಎಂಬ ಊರಿನಲ್ಲಿ, ಶ್ವಾಸಕೋಶದ ಬೇನೆಯಿಂದ, ಇನ್ನೂ ನಡುವಯಸ್ಸು ಕಳೆಯುವ ಮುನ್ನವೇ ತೀರಿಕೊಂಡನು. ಇಂದು ಕೊಕ್ಕೊಲಾ ಎನಿಸಿಕೊಳ್ಳುವ ಆ ಊರಿನಲ್ಲಿಯೇ ಅವನ ಸಮಾಧಿಯಿದೆ. ಅವನನ್ನು ಅಮೆರಿಕದ ಸ್ಕೇಟಿಂಗ್ ಅರಸನೆಂದು ಅಲ್ಲಿಯ ಶಿಲೆ ಕೊಂಡಾಡುತ್ತದೆ.

1914ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯು, ಹೇನ್ಸ್‌ನ ಮಾರ್ಗದಿಂದ ಬೆಳೆದ ಅಂತರರಾಷ್ಟ್ರೀಯ ಶೈಲಿಯನ್ನೇ ಅಂಗೀಕರಿಸಿತು. 1976ರಲ್ಲಿ ಆ ದೇಶದ ಸ್ಕೇಟಿಂಗ್ ಗೌರವಮಂದಿರದಲ್ಲಿ ಅವನ ಹೆಸರು ಸೇರಿತು. ಅವನು ಅಗಲಿ ಆಗ ನೂರೊಂದು ವರ್ಷಗಳಾಗಿದ್ದವು. ಮನ್ನಣೆ ತಡವಾಯಿತು, ಅವನು ಬಿಗಿದ ಜೋಡಣೆ ಮಾತ್ರ ಸಡಿಲಲಿಲ್ಲ. ಮಂಜುಗಡ್ಡೆಯ ಮೇಲೆ ನರ್ತಿಸುವವರು ಇಂದಿಗೂ ಧರಿಸುವುದು ಅಲಗು ಭದ್ರವಾಗಿ ಕೂಡಿಕೊಂಡ ಬೂಟುಗಳನ್ನೇ.