ಹುಳುಗಳ ಹಿಂದೆ ಹೋದ ಮೇಷ್ಟರು

ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬದುಕನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಈ ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಪಾಠ ಮಾಡಿದ ನಾನು ನಮ್ಮ ವೃತ್ತಿಯವರೇ ಆದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಫ್ರಾನ್ಸ್ ದೇಶದ ಕೀಟಶಾಸ್ತ್ರಜ್ಞ ಜೀನ್ ಹೆನ್ರಿ ಫಾಬ್ರೆ.

ಫಾಬ್ರೆ ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯಾನ್ಸ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಫ್ರಾನ್ಸ್ ಎಂದರೆ ಪ್ಯಾರಿಸ್, ಐಫೆಲ್ ಗೋಪುರ ಎಂದುಕೊಂಡಿರುವ ನಮ್ಮ ಮಕ್ಕಳಿಗೆ ಆ ಸೀಮೆ ಬೇರೆಯೇ ದೇಶದಂತೆ ಕಂಡೀತು. ಅಲ್ಲಿನ ರೈತರ ಮನೆಮಾತು ಆಕ್ಸಿಟಾನ್. ಫ್ರೆಂಚ್ ಕಲಿಯುವುದು ಶಾಲೆಯಲ್ಲಿ. ಆ ಶಾಲೆಯೋ, ಮೇಷ್ಟರ ಅಡುಗೆಮನೆಯೂ ಮಲಗುವ ಮನೆಯೂ ಆಗಿದ್ದ ಒಂದೇ ಕೊಠಡಿ. ಕೋಳಿಮರಿ, ಹಂದಿಮರಿಗಳೂ ಒಳಗೆ ನುಗ್ಗುತ್ತಿದ್ದವು. ತಂದೆಯ ಕಾಫಿ ಅಂಗಡಿಗಳು ಒಂದಾದ ಮೇಲೊಂದು ಮುಚ್ಚಿಹೋದವು. ಹುಡುಗ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲುಹಾದಿಯ ಕೆಲಸದಲ್ಲಿ ಕೂಲಿ ಮಾಡಿದ. ಕಡೆಗೆ ಅವಿನ್ಯಾನ್ ನಗರದ ಶಿಕ್ಷಕರ ತರಬೇತಿ ಶಾಲೆಗೆ ವಿದ್ಯಾರ್ಥಿವೇತನ ಗೆದ್ದು, 1842ರಲ್ಲಿ ಕಾರ್ಪಾಂತ್ರಾ ಊರಿನಲ್ಲಿ ಮೇಷ್ಟರಾದರು. ಸಂಬಳ ವರ್ಷಕ್ಕೆ 700 ಫ್ರಾಂಕ್.

ಅಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಭೂಮಾಪನ ಕಲಿಸಲು ಹುಡುಗರನ್ನು ಬಯಲಿಗೆ ಕರೆದುಕೊಂಡು ಹೋದರೆ, ಗೂಟ ನೆಡಲು ಹೋದವನು ನಡುದಾರಿಯಲ್ಲೇ ಬಗ್ಗಿ ಕಲ್ಲು ಎತ್ತಿಕೊಳ್ಳುತ್ತಿದ್ದ. ವಿಚಾರಿಸಿದರೆ, ಕಲ್ಲಿಗೆ ಮಣ್ಣಿನ ಗೂಡು ಮೆತ್ತುವ ಒಂದು ಜಾತಿಯ ಜೇನುನೊಣವಿತ್ತು; ಹುಡುಗರು ಹುಲ್ಲುಕಡ್ಡಿ ತೂರಿಸಿ ಜೇನು ಹೀರುತ್ತಿದ್ದರು. ಬೇರೆ ಮೇಷ್ಟರಾಗಿದ್ದರೆ ಕಿವಿ ಹಿಂಡುತ್ತಿದ್ದರೇನೋ. ಫಾಬ್ರೆ ತಾವೂ ಕಡ್ಡಿ ಹಿಡಿದು ಕೂತರು. ಆ ನೊಣ ಯಾವುದೆಂದು ತಿಳಿಯಲು ಒಂದು ತಿಂಗಳ ಸಂಬಳ ಸುರಿದು ಕೀಟಗಳ ಪುಸ್ತಕ ಕೊಂಡರು. ಅವರ ಮುಂದಿನ ಎಪ್ಪತ್ತು ವರ್ಷದ ದಾರಿ ತೆರೆದದ್ದು ಹೀಗೆ.

ಕಾರ್ಸಿಕಾ ದ್ವೀಪದಲ್ಲಿ ಕೆಲವು ವರ್ಷ ಪಾಠ ಮಾಡಿ, 1853ರಲ್ಲಿ ಅವಿನ್ಯಾನಿಗೆ ಬಂದರು. 1865ರಲ್ಲಿ ಲೂಯಿ ಪಾಶ್ಚರ್ ಅವರ ಮನೆಗೆ ಬಂದರು. ಗಂಟುರೋಗ ಬಿದ್ದು ದಕ್ಷಿಣ ಫ್ರಾನ್ಸಿನ ರೇಷ್ಮೆ ನಾಶವಾಗುತ್ತಿದ್ದ ಕಾಲ ಅದು. ಅಷ್ಟು ದೊಡ್ಡ ವಿಜ್ಞಾನಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೇನೋ ಇದೆಯಲ್ಲ ಎಂದು ಬೆರಗಾದರಂತೆ! ಗೂಡಿನೊಳಗೆ ಕೋಶವಿರುತ್ತದೆ, ಅದೇ ಚಿಟ್ಟೆಯಾಗುತ್ತದೆ ಎಂದು ಫಾಬ್ರೆ ವಿವರಿಸಿದರು. ನಮ್ಮ ರೇಷ್ಮೆ ಸೀಮೆಯ ಯಾವ ಮಗುವಿಗಾದರೂ ಗೊತ್ತಿರುವ ವಿಷಯ. ಆದರೆ ರೋಗ ತಡೆಯುವ ದಾರಿ ಕಂಡುಹಿಡಿದವರು ಅದೇ ಪಾಶ್ಚರ್; ಇಂದಿಗೂ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕ್ರಮವೇ. ಅಂದು ಪಾಶ್ಚರ್ ಫಾಬ್ರೆಯವರ ದ್ರಾಕ್ಷಾರಸದ ನೆಲಮಾಳಿಗೆಯನ್ನೂ ನೋಡಬಯಸಿದರು. ಬಡಮೇಷ್ಟರಿಗೆ ನೆಲಮಾಳಿಗೆ ಎಲ್ಲಿಂದ ಬರಬೇಕು? ಅಡುಗೆಮನೆಯ ಮೂಲೆಯಲ್ಲಿ ಹಳೇ ಕುರ್ಚಿಯ ಮೇಲಿದ್ದ ಒಂದು ಬುಂಡೆಯನ್ನು ತೋರಿಸಿದರು. ಆ ನೋವನ್ನು ಅವರು ಮರೆಯಲಿಲ್ಲ.

ಬಡತನ ಕಳೆಯಲೆಂದು ಮಂಜಿಷ್ಠದ ಬೇರಿನಿಂದ ಬಣ್ಣ ತೆಗೆಯುವ ವಿಧಾನಕ್ಕೆ ವರ್ಷಗಟ್ಟಲೆ ದುಡಿದರು. ಅಷ್ಟರಲ್ಲಿ ಜರ್ಮನಿಯಲ್ಲಿ ಕೃತಕ ಬಣ್ಣ ತಯಾರಾಗಿ ಆ ಶ್ರಮವೆಲ್ಲ ನೀರುಪಾಲಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಪಾಠದಿಂದಲೇ ಬಿತ್ತು. ಶಿಕ್ಷಣ ಮಂತ್ರಿ ವಿಕ್ಟರ್ ದುರುಯಿಯವರ ಯೋಜನೆಯಂತೆ ಫಾಬ್ರೆ ನಡೆಸಿದ ಸಾರ್ವಜನಿಕ ತರಗತಿಗಳಿಗೆ ಹೆಣ್ಣುಮಕ್ಕಳೂ ಬರುತ್ತಿದ್ದರು. ಹೂವಿನ ಪರಾಗಸ್ಪರ್ಶವನ್ನು ಅವರಿಗೆ ಹೇಳಿಕೊಟ್ಟದ್ದೇ ಅಪರಾಧವಾಯಿತು. ಸಂಪ್ರದಾಯಸ್ಥರು ಕೂಗೆಬ್ಬಿಸಿದರು, ಮನೆಯ ಒಡತಿಯರು ಮನೆ ಬಿಡಿ ಎಂದರು. ಇಂದು ನಮ್ಮ ಹೆಣ್ಣುಮಕ್ಕಳು ದಾಸವಾಳ ಬಿಡಿಸಿ ಕೇಸರ, ಶಲಾಕೆಗಳ ಚಿತ್ರ ಬರೆಯುವಾಗ ನನಗೆ ಈ ಮೇಷ್ಟರು ನೆನಪಾಗದೆ ಇರುವುದಿಲ್ಲ. ಅವಿನ್ಯಾನಿನಲ್ಲಿ ಮನೆ ಮಾಡಿಕೊಂಡಿದ್ದ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 3000 ಫ್ರಾಂಕ್ ಸಾಲ ಕೊಟ್ಟು ಕಾಪಾಡಿದರು. ಆರೆಂಜ್ ಊರಿಗೆ ಹೋಗಿ, ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಬರೆದು ಸಂಸಾರ ನಡೆಸಿದ ಫಾಬ್ರೆ ಆ ಸಾಲವನ್ನು ಪೂರ್ತಿ ತೀರಿಸಿದರು.

1879ರಲ್ಲಿ ಸೆರಿನ್ಯಾನ್ ಹಳ್ಳಿಯಲ್ಲಿ ಮುಳ್ಳು, ಕಲ್ಲು ತುಂಬಿದ ಒಂದು ತುಂಡು ಜಮೀನು ಕೊಂಡರು. ಅಂಥ ಬೀಳುನೆಲಕ್ಕೆ ಅಲ್ಲಿನವರು ಹರ್ಮಾಸ್ ಎನ್ನುತ್ತಾರೆ. ಬೆಳೆಗೆ ಬಾರದ ಆ ನೆಲ ಹುಳುಗಳಿಗೆ ಸ್ವರ್ಗ. ಅಲ್ಲಿ ಕೂತು ಕೀಟಗಳ ನೆನಪುಗಳನ್ನು ಹತ್ತು ಸಂಪುಟಗಳಲ್ಲಿ ಬರೆದರು. ಸಾಲುಗಟ್ಟಿ ನಡೆಯುವ ಕಂಬಳಿಹುಳುಗಳು ಹೂಕುಂಡದ ಅಂಚನ್ನು ಏಳು ದಿನ ಸುತ್ತಿದ್ದನ್ನು ಪಟ್ಟುಬಿಡದೆ ನೋಡಿದರು. ಜೀರುಂಡೆಗಳಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಊರಹಬ್ಬದ ಫಿರಂಗಿಯನ್ನೇ ತರಿಸಿ ಮರದ ಕೆಳಗೆ ಹಾರಿಸಿದರು! ಅವು ಹಾಡು ನಿಲ್ಲಿಸಲಿಲ್ಲ. ಕಿವುಡಿರಬೇಕೆಂದು ಫಾಬ್ರೆ ಬಗೆದರು. ಜೀರುಂಡೆಗೆ ತನ್ನ ಜಾತಿಯ ದನಿ ಚೆನ್ನಾಗಿ ಕೇಳುತ್ತದೆ ಎಂಬುದು ಈಗ ಗೊತ್ತಾಗಿದೆ. ಡಾರ್ವಿನ್ ತಮ್ಮ ಗ್ರಂಥದಲ್ಲಿ ಫಾಬ್ರೆಯವರನ್ನು ಹೊಗಳಿದ್ದರೂ ಫಾಬ್ರೆ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ನನ್ನ ಮಟ್ಟಿಗೆ ಅದು ಅವರ ಕೊರತೆಯೇ. ಆದರೆ ಹುಳುವಿನ ಮುಂದೆ ಅಷ್ಟು ತಾಳ್ಮೆಯಿಂದ ಕೂತವರು ವಿರಳ.

ಮನ್ನಣೆ ಬಂದದ್ದು ತೀರ ತಡವಾಗಿ. 1913ರಲ್ಲಿ ಫ್ರಾನ್ಸಿನ ಅಧ್ಯಕ್ಷ ಪ್ವಾಂಕರೆ ಹರ್ಮಾಸಿಗೇ ಬಂದು ಗೌರವ ಸಲ್ಲಿಸಿದಾಗ ಮೇಷ್ಟರಿಗೆ 89 ವರ್ಷ. 1915ರ ಅಕ್ಟೋಬರ್ 11ರಂದು ಅಲ್ಲೇ ತೀರಿಕೊಂಡರು. ಆ ಮನೆ, ತೋಟ ಈಗ ವಸ್ತುಸಂಗ್ರಹಾಲಯವಾಗಿದೆ.