ಪಿತ್ತನಾಳದ ಮ್ಯಾಪ್ ತೆಗೆದ ಮಿರಿಜ್ಜಿ

ಸರ್ಜರಿ ಓದುವವರಿಗೆಲ್ಲ ಮಿರಿಜ್ಜಿ ಅನ್ನೋ ಹೆಸರು ಗೊತ್ತು. ಇಂಜಿನಿಯರಿಂಗ್ ಓದುವ ನಾವು ಕೇಳಿರೋದು ಕಡಿಮೆ. ಆದರೆ ಅವರು ಬಿಡಿಸಿದ ಪ್ರಾಬ್ಲಂ ನಮ್ಮದೇ ತರಹದ್ದು: ಒಳಗಿರುವ ಪೈಪನ್ನು ಒಡೆಯದೆ ನೋಡೋದು ಹೇಗೆ?

ಪಾಬ್ಲೋ ಲೂಯಿಸ್ ಮಿರಿಜ್ಜಿ 1893ರಲ್ಲಿ ಅರ್ಜೆಂಟೀನಾದ ಕಾರ್ಡೊಬಾದಲ್ಲಿ ಹುಟ್ಟಿದರು. ಅಲ್ಲೇ ವೈದ್ಯಕೀಯ ಓದಿ, ಅಲ್ಲೇ ಪ್ರೊಫೆಸರ್ ಆದರು. ಪಿತ್ತಕೋಶ ತೆಗೆಯುವ ಆಪರೇಷನ್ ಆಗ ಹೊಸದಲ್ಲ. ಬರ್ಲಿನ್‌ನಲ್ಲಿ ಲಾಂಗೆನ್‌ಬುಕ್ 1882ರಲ್ಲೇ ಮಾಡಿದ್ದರು. ಕಷ್ಟ ಇದ್ದದ್ದು ನಾಳದಲ್ಲಿ. ಮುಖ್ಯ ಪಿತ್ತನಾಳದೊಳಗೆ ಕಲ್ಲು ಉಳಿದಿದೆಯಾ ಅಂತ ಸರ್ಜನ್ ಬೆರಳಿನಿಂದ ಮುಟ್ಟಿ ಊಹಿಸಬೇಕಿತ್ತು. ಅನುಮಾನ ಬಂದರೆ ನಾಳವನ್ನೇ ಕೊಯ್ಯಬೇಕು. ಬಿಟ್ಟುಹೋದ ಕಲ್ಲಿನಿಂದ ಮತ್ತೆ ಕಾಮಾಲೆ ಬರುತ್ತಿತ್ತು.

1931ರಲ್ಲಿ ಮಿರಿಜ್ಜಿ ಆಪರೇಷನ್ ನಡೆಯುತ್ತಿರುವಾಗಲೇ ನಾಳಕ್ಕೆ ಲಿಪಿಯೊಡಾಲ್ ಎಂಬ ಅಯೋಡಿನ್ ಎಣ್ಣೆ ಬಿಟ್ಟು ಎಕ್ಸ್‌ರೇ ತೆಗೆದರು. ಅಯೋಡಿನ್ ಎಕ್ಸ್‌ರೇಯನ್ನು ತಡೆಯುತ್ತೆ. ಹಾಗಾಗಿ ನಾಳಗಳು ಮರದ ಕೊಂಬೆಗಳ ಹಾಗೆ ಫಿಲ್ಮ್ ಮೇಲೆ ಮೂಡಿದವು. ಕಲ್ಲಿದ್ದ ಜಾಗ ಖಾಲಿ ಕಂಡಿತು.

ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕ ಕಲ್ಲು ಪಕ್ಕದ ನಾಳಕ್ಕೆ ತೊಂದರೆ ಕೊಡೋದನ್ನು 1948ರಲ್ಲಿ ವಿವರಿಸಿದರು. ಅದೇ ಮಿರಿಜ್ಜಿ ಸಿಂಡ್ರೋಮ್. ನಾಳದ ಸ್ನಾಯು ಬಿಗಿಯಾಗೋದೇ ಕಾರಣ ಅಂತ ಅವರು ನಂಬಿದ್ದರು. ಕಲ್ಲು ಮತ್ತು ಊತ ನಾಳವನ್ನು ಒತ್ತೋದೇ ಕಾರಣ ಅಂತ ಆಮೇಲೆ ಗೊತ್ತಾಯಿತು. 1964ರಲ್ಲಿ ಅವರು ತೀರಿಕೊಂಡರು.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ, 1990ರಲ್ಲಿ ಮುಂಬೈನ ಟೆಹೆಮ್ಟನ್ ಉದ್ವಾಡಿಯಾ ಸಣ್ಣ ತೂತುಗಳಿಂದಲೇ ಪಿತ್ತಕೋಶ ತೆಗೆದರು. ಗಾಯ ಚಿಕ್ಕದಾಯಿತು, ಆದರೆ ಬೆರಳಿನಿಂದ ಮುಟ್ಟಿ ನೋಡೋದೂ ತಪ್ಪಿತು. ಸ್ಕ್ರೀನ್ ನೋಡುತ್ತಾ ಮುಖ್ಯ ನಾಳವನ್ನೇ ಪಿತ್ತಕೋಶದ ನಾಳ ಅಂದುಕೊಂಡು ಕತ್ತರಿಸುವ ಅಪಾಯ ಇದೆ. ಆಗ ದಾರಿ ತೋರಿಸೋದು ಮಿರಿಜ್ಜಿಯ ಅದೇ ಉಪಾಯ. ಈಗ ಫಿಲ್ಮ್ ಬದಲು ಸಿ-ಆರ್ಮ್ ಬಂದಿದೆ. ರಕ್ತನಾಳಕ್ಕೆ ಕೊಟ್ಟ ಹಸಿರು ಡೈ ಲಿವರ್ ಮೂಲಕ ಪಿತ್ತಕ್ಕೆ ಸೇರಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಹೊಳೆಯುವ ವಿಧಾನವೂ ಇದೆ.

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಮಗೆ ಇದು ದೂರದ ಕಥೆ ಅಲ್ಲ. ಕತ್ತರಿಸಿದ ನಾಳ ಸರಿಮಾಡೋಕೆ ಪರಿಣತರೇ ಬೇಕು. ಅಂಥ ದೊಡ್ಡ ಚಿಕಿತ್ಸೆ ಅಂದರೆ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಹೊರಡಬೇಕು. ಕುಮಟಾದಿಂದ ಮಣಿಪಾಲಕ್ಕೇ ಸುಮಾರು 150 ಕಿ.ಮೀ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಜೋರಾಗಿ ಕೇಳಿದ್ದು ಸುಮ್ಮನೆ ಅಲ್ಲ. ಮಿರಿಜ್ಜಿ ಈ ಕೆಲಸವನ್ನು ಪ್ಯಾರಿಸ್ಸಿನಲ್ಲೋ ಲಂಡನ್ನಿನಲ್ಲೋ ಮಾಡಲಿಲ್ಲ, ತಮ್ಮ ಊರಲ್ಲೇ ಮಾಡಿದರು. ತಾಲೂಕು ಆಸ್ಪತ್ರೆಗೆ ಕೈಗೆಟುಕುವ ಬೆಲೆಯ ಇಂಥ ಕ್ಯಾಮೆರಾ ಮಾಡೋದು, ಯೋಚಿಸಿದರೆ, ನಮ್ಮ ಬ್ರಾಂಚುಗಳದ್ದೇ ಕೆಲಸ.