ಜ್ವಾಲಾಮುಖಿಗಳ ಶಿಷ್ಯ ಹಂಬೋಲ್ಟ್

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಆಂಡಿಸ್ ಪರ್ವತಶ್ರೇಣಿಯ ನಡುವೆ ಹಿಮ ಹೊದ್ದು ನಿಂತ ಜ್ವಾಲಾಮುಖಿಯೊಂದಿದೆ. ಹೆಸರು ಚಿಂಬೊರಾಜೊ. ಎತ್ತರ ಸುಮಾರು 6,260 ಮೀಟರ್. ಹಿಮಾಲಯದ ಶಿಖರಗಳ ಅಳತೆ ಲೋಕಕ್ಕೆ ತಿಳಿಯುವ ಮುನ್ನ ಜಗತ್ತಿನ ಅತ್ಯುನ್ನತ ಪರ್ವತವೆಂಬ ಕೀರ್ತಿ ಇದಕ್ಕಿತ್ತು. 1802ರ ಜೂನ್ 23ರಂದು ಈ ಪರ್ವತವನ್ನೇರಲು ಹೊರಟ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ತುದಿ ಮುಟ್ಟದೆಯೇ ಹಿಂದಿರುಗಿದ. ಆದರೂ ಆ ಒಂದು ದಿನದ ದಣಿವಿನಿಂದ ವಿಜ್ಞಾನಕ್ಕೆ ದಕ್ಕಿದ ಲಾಭ ಅಪಾರ.

ಗಣಿಯಿಂದ ಗಿರಿಗೆ

ಹಂಬೋಲ್ಟ್ ಹುಟ್ಟಿದ್ದು 1769ರ ಸೆಪ್ಟೆಂಬರ್ 14ರಂದು, ಬರ್ಲಿನ್‌ನ ಸಿರಿವಂತ ಮನೆತನದಲ್ಲಿ. ತಂದೆ ಪ್ರಷ್ಯಾ ಸೇನೆಯ ಅಧಿಕಾರಿಯಾಗಿದ್ದವರು. ಒಂಬತ್ತನೆಯ ವಯಸ್ಸಿನಲ್ಲಿಯೇ ಬಾಲಕ ಅವರನ್ನು ಕಳೆದುಕೊಂಡ. ಅಣ್ಣ ವಿಲ್ಹೆಲ್ಮ್ ಮುಂದೆ ಭಾಷಾವಿಜ್ಞಾನಿಯಾಗಿ ಹೆಸರಾದ. ಭಗವದ್ಗೀತೆಯನ್ನು ಕುರಿತು ಬರ್ಲಿನ್‌ನಲ್ಲಿ ಉಪನ್ಯಾಸ ನೀಡಿದವನೂ ಈತನೇ. ತಮ್ಮನಿಗೆ ಮಾತ್ರ ಚಿಕ್ಕಂದಿನಿಂದಲೂ ಗಿಡ, ಕೀಟ, ಕಲ್ಲುಗಳ ಸಂಗ್ರಹದಲ್ಲಿಯೇ ಆಸಕ್ತಿ. ಮಗ ಸರ್ಕಾರಿ ಸೇವೆ ಸೇರಬೇಕೆಂಬುದು ತಾಯಿಯ ಹಂಬಲವಾಗಿತ್ತು.

1791ರಲ್ಲಿ ಫ್ರೈಬರ್ಗ್‌ನ ಗಣಿವಿದ್ಯಾಲಯಕ್ಕೆ ಸೇರಿದ ಹಂಬೋಲ್ಟ್‌ಗೆ ಗುರುವಾಗಿ ದೊರೆತವನು ಅಬ್ರಹಾಂ ವರ್ನರ್. ಭೂಮಿಯ ಬಂಡೆಗಳೆಲ್ಲ ಆದಿಸಾಗರದ ನೀರಿನಲ್ಲಿ ಪದರಪದರವಾಗಿ ತಳಕಟ್ಟಿದವು, ಕಪ್ಪು ಬಸಾಲ್ಟ್ ಶಿಲೆಯೂ ಹಾಗೆಯೇ ಹುಟ್ಟಿತು ಎಂಬುದು ಆತನ ಸಿದ್ಧಾಂತ. ಜ್ವಾಲಾಮುಖಿಯೆಂದರೆ ನೆಲದಡಿಯ ಕಲ್ಲಿದ್ದಲು ಹೊತ್ತಿ ಉರಿಯುವ ಸ್ಥಳೀಯ ವಿದ್ಯಮಾನವಷ್ಟೇ ಎಂದು ಆತ ಬೋಧಿಸುತ್ತಿದ್ದ. ಯುರೋಪಿನ ವಿದ್ವಾಂಸರಲ್ಲಿ ಬಹುಮಂದಿ ಇದನ್ನು ನಂಬಿದ್ದರು. ಶಿಷ್ಯನ ನಂಬಿಕೆಯೂ ಬೇರೆಯಾಗಿರಲಿಲ್ಲ.

ಮರುವರ್ಷವೇ ಗಣಿ ಅಧಿಕಾರಿಯಾಗಿ ನೇಮಕಗೊಂಡ ಹಂಬೋಲ್ಟ್, ಕಾರ್ಮಿಕರಿಗಾಗಿ ಸ್ವಂತ ಹಣದಲ್ಲಿ ಶಾಲೆ ತೆರೆದ. ಗಣಿಯೊಳಗೆ ಬಳಸುವ ಸುರಕ್ಷಿತ ದೀಪವನ್ನೂ ರೂಪಿಸಿದ. 1796ರಲ್ಲಿ ತಾಯಿ ತೀರಿಕೊಂಡಾಗ ದೊಡ್ಡ ಆಸ್ತಿ ಕೈಸೇರಿತು. ಹುದ್ದೆಗೆ ರಾಜೀನಾಮೆಯಿತ್ತು, ದೂರದೇಶಗಳ ಸಂಚಾರಕ್ಕೆ ಸಿದ್ಧತೆ ನಡೆಸಿದ. ಸ್ಪೇನಿನ ದೊರೆಯ ಅನುಮತಿ ಪಡೆದು, ಫ್ರಾನ್ಸಿನ ಸಸ್ಯವಿಜ್ಞಾನಿ ಎಮೆ ಬೊನ್‌ಪ್ಲಾಂಡ್ ಜೊತೆಗೂಡಿ 1799ರ ಜೂನ್ 5ರಂದು ಹಡಗು ಹತ್ತಿದ.

ಮೊದಲ ಅಗ್ನಿಪರ್ವತ

ದಾರಿಯಲ್ಲಿ ಹಡಗು ಟೆನೆರಿಫ್ ದ್ವೀಪದಲ್ಲಿ ತಂಗಿತು. ಅಲ್ಲಿನ 3,715 ಮೀಟರ್ ಎತ್ತರದ ಟೈಡೆ ಜ್ವಾಲಾಮುಖಿಯನ್ನು ಹಂಬೋಲ್ಟ್ ಏರಿದ. ರಾತ್ರಿ ಬಂಡೆಗಳ ಮರೆಯಲ್ಲಿ ಕಳೆದು, ಬೆಳಗಿನ ಜಾವ ತುದಿ ಮುಟ್ಟಿದಾಗ ಮುಖಕ್ಕೆ ಕೊರೆಯುವ ಗಾಳಿ, ಕಾಲಡಿಯಲ್ಲಿ ಬಿಸಿ ನೆಲ. ಏರುತ್ತ ಹೋದಂತೆ ಗಿಡಮರಗಳ ಬಗೆ ಬದಲಾಗುವುದನ್ನು ಆತ ಇಲ್ಲಿ ಗಮನವಿಟ್ಟು ನೋಡಿದ. ಮುಂದಿನ ಮಹಾಕಾರ್ಯದ ಬೀಜ ಬಿದ್ದದ್ದು ಇಲ್ಲಿಯೇ.

ಒರಿನೊಕೊ ನದಿಯ ಕಾಡುಗಳನ್ನೂ ಕ್ಯೂಬಾವನ್ನೂ ಸುತ್ತಿದ ಬಳಿಕ, 1802ರ ಜನವರಿಯಲ್ಲಿ ತಂಡ ಕ್ವಿಟೊ ನಗರ ತಲುಪಿತು. ಸುತ್ತಲೂ ಜ್ವಾಲಾಮುಖಿಗಳೇ ತುಂಬಿದ ನಾಡದು. ಆಂಟಿಸಾನಾವನ್ನು ಏರಿದ್ದಾಯಿತು. ಪಿಚಿಂಚಾವನ್ನು ಏರುವಾಗ ತಾನು ನಿಂತ ಹಿಮದ ಕೆಳಗೆ ಪಾತಾಳವಿರುವುದು ಅರಿವಾಗಿ ಕೂದಲೆಳೆಯಲ್ಲಿ ಪಾರಾದ. ಅಷ್ಟಾದರೂ ಎರಡೇ ದಿನಗಳಲ್ಲಿ ಮತ್ತೆ ಅಲ್ಲಿಗೆ ಹೋಗಿ, ಕುಂಡದ ಅಂಚಿನಲ್ಲಿ ಮಲಗಿ ಭೂಕಂಪನಗಳನ್ನು ಎಣಿಸಿದ. ಪರದೇಶಿಯೊಬ್ಬ ಬೆಟ್ಟದ ಬಾಯಿಗೆ ಮದ್ದಿನ ಪುಡಿ ಸುರಿದದ್ದರಿಂದಲೇ ನೆಲ ನಡುಗಿತೆಂಬ ಗುಲ್ಲು ಊರಿನಲ್ಲಿ ಹಬ್ಬಿತ್ತು.

ಆ ಒಂದು ದಿನ

ಚಿಂಬೊರಾಜೊ ಚಾರಣಕ್ಕೆ ಬೊನ್‌ಪ್ಲಾಂಡ್‌ನೊಡನೆ ಕ್ವಿಟೊದ ಯುವಕ ಕಾರ್ಲೊಸ್ ಮೊಂಟುಫರ್ ಸೇರಿಕೊಂಡ. ತಪ್ಪಲಿನ ಕಾಲ್ಪಿ ಗ್ರಾಮದಿಂದ ಹೇಸರಗತ್ತೆಗಳ ಮೇಲೆ ಹೊರಟವರು, ದಾರಿ ಕಡಿದಾದಾಗ ಇಳಿದು ನಡೆದರು. ಹಿಮರೇಖೆಯ ಬಳಿ ಜೊತೆಗೆ ಬಂದ ಸ್ಥಳೀಯರಲ್ಲಿ ಹೆಚ್ಚಿನವರು ಹಿಂದಿರುಗಿದರು. ಸಮೀಪದ ಸಾನ್ ಹುವಾನ್ ಗ್ರಾಮದ ಒಬ್ಬ ಮಾತ್ರ ಉಳಿದುಕೊಂಡ. ನಾಲ್ವರ ಮುಂದಿದ್ದದ್ದು ಕೆಲವೆಡೆ ಒಂದು ಗೇಣಿಗಿಂತ ಅಗಲವಿಲ್ಲದ ಏಣು. ಒಂದು ಬದಿಗೆ ನುಣುಪಾದ ಹಿಮದ ಜಾರು, ಇನ್ನೊಂದು ಬದಿಗೆ ಬಂಡೆಗಳ ಕಮರಿ. ಸುತ್ತ ದಟ್ಟ ಮಂಜು. ಚೂಪುಗಲ್ಲುಗಳನ್ನು ಹಿಡಿದು ತೆವಳಿದ್ದರಿಂದ ಅಂಗೈಗಳು ಹರಿದವು. ಚರ್ಮದೊಳಗೆ ಸೇರುವ ಚಿಗಟದಂಥ ಕೀಟಗಳಿಂದ ಹುಣ್ಣಾಗಿದ್ದ ಹಂಬೋಲ್ಟನ ಕಾಲು ಹೆಜ್ಜೆಹೆಜ್ಜೆಗೂ ನೋಯುತ್ತಿತ್ತು.

ಗಾಳಿ ತೆಳುವಾದಂತೆ ಎಲ್ಲರಿಗೂ ವಾಕರಿಕೆ, ತಲೆಸುತ್ತು. ಕಣ್ಣು ಕೆಂಪೇರಿತು, ತುಟಿ ಹಾಗೂ ಒಸಡುಗಳಿಂದ ರಕ್ತ ಒಸರಿತು. ಅಂಥ ಸ್ಥಿತಿಯಲ್ಲಿಯೂ ಅಳತೆಯ ಕೆಲಸ ನಿಲ್ಲಲಿಲ್ಲ. ಮೇಲೇರಿದಷ್ಟೂ ವಾಯುಭಾರ ತಗ್ಗಿ, ವಾಯುಭಾರಮಾಪಕದ ಪಾದರಸ ಇಳಿಯುತ್ತದೆ. ಆ ಇಳಿತದಿಂದಲೇ ಎತ್ತರವನ್ನು ಲೆಕ್ಕ ಹಾಕಬೇಕು. ಉದ್ದನೆಯ ಆ ಗಾಜಿನ ನಳಿಕೆಯನ್ನು ಒಡೆಯದಂತೆ ಕಾಪಾಡಿಕೊಂಡು ಹೋಗುವುದೇ ಒಂದು ಸಾಹಸವಾಗಿತ್ತು.

ಮಧ್ಯಾಹ್ನದ ವೇಳೆಗೆ ಮಂಜು ಸರಿದು ಗುಮ್ಮಟದಂಥ ಶಿಖರ ಕಣ್ಣಿಗೆ ಬಿತ್ತು. ಹುರುಪಿನಿಂದ ಹೆಜ್ಜೆ ಹಾಕಿದರೆ, ದಾಟಲಾಗದ ಆಳವಾದ ಕಂದರವೊಂದು ಅಡ್ಡಬಂದಿತು. ಅಲ್ಲಿ ಉಪಕರಣ ತೋರಿದ ಎತ್ತರ 5,878 ಮೀಟರ್. ಅಷ್ಟು ಎತ್ತರ ತಲುಪಿದ್ದರೇ ಎಂಬ ಬಗ್ಗೆ ನಂತರದ ಕೆಲವರು ಸಂದೇಹ ವ್ಯಕ್ತಪಡಿಸಿದ್ದಾರೆ. ಆದರೆ ಯುರೋಪಿನವರ ಲಿಖಿತ ದಾಖಲೆಯಲ್ಲಿ ಅಲ್ಲಿಯವರೆಗೆ ಅಷ್ಟು ಎತ್ತರಕ್ಕೆ ಏರಿದವರಿರಲಿಲ್ಲ. ಬಂಡೆಯ ಚೂರುಗಳನ್ನು ಕಟ್ಟಿಕೊಂಡು, ಆಲಿಕಲ್ಲು ಹಾಗೂ ಹಿಮದ ಸುರಿತದ ನಡುವೆ ಅವರು ಇಳಿದು ಬಂದರು. ಚಿಂಬೊರಾಜೊ ತುದಿಗೆ ಮನುಷ್ಯ ಕಾಲಿಟ್ಟದ್ದು 1880ರಲ್ಲಿ, ಎಡ್ವರ್ಡ್ ವಿಂಪರ್ ನೇತೃತ್ವದ ತಂಡದಿಂದ.

ಒಂದು ಚಿತ್ರ, ಹೊಸ ದೃಷ್ಟಿ

ಮರುವರ್ಷ ಗ್ವಾಯಾಕಿಲ್ ಬಂದರಿನಲ್ಲಿ ಹಂಬೋಲ್ಟ್ ಒಂದು ಚಿತ್ರದ ಕರಡು ಬರೆದ. ಸೀಳಿ ತೋರಿಸಿದ ಚಿಂಬೊರಾಜೊ. ಅದರ ಮೇಲೆ ಯಾವ ಎತ್ತರಕ್ಕೆ ಯಾವ ಸಸ್ಯ ಎಂಬ ಹೆಸರುಗಳು. ಪಕ್ಕದಲ್ಲಿ ಉಷ್ಣತೆ, ವಾಯುಭಾರ, ಆಗಸದ ನೀಲಿಯ ಗಾಢತೆಯವರೆಗಿನ ವಿವರಗಳು. ಹವೆ, ನೆಲ, ಸಸ್ಯ, ಪ್ರಾಣಿ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಅರಿವನ್ನು 1807ರಲ್ಲಿ ಪ್ರಕಟವಾದ ಈ ಚಿತ್ರ ಒಂದೇ ನೋಟಕ್ಕೆ ಕಾಣಿಸಿತು. ಸಸ್ಯಭೂಗೋಳ ಎಂಬ ಶಾಸ್ತ್ರಕ್ಕೆ ಇದೇ ಅಡಿಪಾಯ. ಆತನ ಪ್ರವಾಸ ಕಥನವನ್ನು ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಜೊತೆಗೊಯ್ದಿದ್ದ.

ಗುರುವಿನ ಸಿದ್ಧಾಂತ ಮಾತ್ರ ಈ ಬೆಟ್ಟಗಳ ಮುಂದೆ ನಿಲ್ಲಲಿಲ್ಲ. ಸಾಲುಗಟ್ಟಿ ನಿಂತ ಆಂಡಿಸ್‌ನ ಅಗ್ನಿಪರ್ವತಗಳು, ಮೆಕ್ಸಿಕೊದಲ್ಲಿ 1759ರಲ್ಲಷ್ಟೇ ಹುಟ್ಟಿದ್ದ ಹೊರುಯೊ, 1805ರಲ್ಲಿ ಕಣ್ಣೆದುರೇ ಉಕ್ಕಿದ ಇಟಲಿಯ ವೆಸುವಿಯಸ್ ಇವೆಲ್ಲವನ್ನೂ ಕಂಡವನಿಗೆ, ಇದು ಕಲ್ಲಿದ್ದಲಿನ ಬೆಂಕಿಯಲ್ಲ, ಭೂಗರ್ಭದ ಆಳದ ಶಕ್ತಿಯೆಂಬುದು ಮನದಟ್ಟಾಯಿತು. 1823ರಲ್ಲಿ ಬರ್ಲಿನ್‌ನ ವಿದ್ವತ್ಸಭೆಯ ಮುಂದೆ ಆತ ಇದನ್ನು ಮಂಡಿಸಿದ. ಗುರುವಿನ ಮಾತಿಗಿಂತ ತಾನೇ ಕಂಡು ಅಳೆದದ್ದನ್ನು ಮೇಲೆಂದು ಒಪ್ಪಲು ಆತನಿಗೆ ವರ್ಷಗಳೇ ಬೇಕಾದವು. ಹಾಗೆಂದು ಆತನ ಎಲ್ಲ ತೀರ್ಮಾನಗಳೂ ಉಳಿಯಲಿಲ್ಲ. ಹೊರುಯೊದ ನೆಲ ಗುಳ್ಳೆಯಂತೆ ಉಬ್ಬಿ ಮೇಲೆದ್ದಿತೆಂಬ ವಾದವನ್ನು ನಂತರದ ಭೂವಿಜ್ಞಾನಿಗಳು ಅಲ್ಲಗಳೆದರು.

ಈಡೇರದ ಕನಸು

ಹಿಮಾಲಯವನ್ನು ಕಾಣಬೇಕೆಂಬುದು ಹಂಬೋಲ್ಟನ ಬಹುಕಾಲದ ಆಸೆ. ಲಂಡನ್ನಿಗೆ ಮತ್ತೆ ಮತ್ತೆ ಎಡತಾಕಿದರೂ ಈಸ್ಟ್ ಇಂಡಿಯಾ ಕಂಪನಿಯಿಂದ ಅನುಮತಿ ದೊರೆಯಲಿಲ್ಲ. 1854ರಲ್ಲಿ ಆತನ ಶಿಫಾರಸಿನ ಬಲದಿಂದ ಭಾರತಕ್ಕೆ ಬಂದ ಶ್ಲಾಗಿಂಟ್‌ವೈಟ್ ಸಹೋದರರು ಹಿಮಾಲಯವನ್ನು ಅಭ್ಯಸಿಸಿದರು. ಚಿಂಬೊರಾಜೊದ ಸಂಗಾತಿಗಳ ಬಾಳು ಸುಗಮವಾಗಿರಲಿಲ್ಲ. ಸ್ವಾತಂತ್ರ್ಯ ಹೋರಾಟಕ್ಕಿಳಿದ ಮೊಂಟುಫರ್ 1816ರಲ್ಲಿ ಮರಣದಂಡನೆಗೆ ಗುರಿಯಾದ. ಬೊನ್‌ಪ್ಲಾಂಡ್ ಪರಾಗ್ವೆಯಲ್ಲಿ ವರ್ಷಗಟ್ಟಲೆ ಬಂಧನದಲ್ಲಿದ್ದ. ಪಿತ್ರಾರ್ಜಿತವನ್ನೆಲ್ಲ ಪ್ರವಾಸಕ್ಕೂ ಪುಸ್ತಕಗಳಿಗೂ ವ್ಯಯಿಸಿದ ಹಂಬೋಲ್ಟ್, ‘ಕಾಸ್ಮೋಸ್’ ಎಂಬ ಬೃಹತ್ ಗ್ರಂಥವನ್ನು ಪೂರ್ಣಗೊಳಿಸುವ ಮುನ್ನವೇ 1859ರ ಮೇ 6ರಂದು ಬರ್ಲಿನ್‌ನಲ್ಲಿ ನಿಧನನಾದ. ಆಗ ಆತನಿಗೆ 89 ವರ್ಷ.

ಆತನ ಅಳತೆಗಳು ಇಂದಿಗೂ ಕೆಲಸ ಮಾಡುತ್ತಿವೆ. 2012ರಲ್ಲಿ ಸಂಶೋಧಕರು ಚಿಂಬೊರಾಜೊದಲ್ಲಿ ಮತ್ತೆ ಸಮೀಕ್ಷೆ ನಡೆಸಿ, ಸಸ್ಯಗಳ ಮೇಲಿನ ಗಡಿ 500 ಮೀಟರ್‌ಗೂ ಹೆಚ್ಚು ಮೇಲೇರಿದೆಯೆಂದು ವರದಿ ಮಾಡಿದರು. ಹಂಬೋಲ್ಟನ ಅಂಕಿಗಳಲ್ಲಿ ಹೆಚ್ಚಿನವು ಆಂಟಿಸಾನಾ ಪರ್ವತದವೆಂದು 2019ರಲ್ಲಿ ಬೇರೊಂದು ತಂಡ ತೋರಿಸಿ, ಏರಿಕೆಯ ಪ್ರಮಾಣವನ್ನು ಅದರ ಅರ್ಧದಷ್ಟಕ್ಕೆ ಇಳಿಸಿತು. ಭೂಮಿ ಬಿಸಿಯಾಗುತ್ತಿದ್ದಂತೆ ಸಸ್ಯಗಳು ತಂಪನ್ನರಸಿ ಬೆಟ್ಟವೇರುತ್ತಿವೆ ಎಂಬುದರಲ್ಲಿ ಎರಡು ತಂಡಗಳಿಗೂ ಭಿನ್ನಾಭಿಪ್ರಾಯವಿಲ್ಲ. ಎಷ್ಟು ಏರಿವೆಯೆಂದು ಇಂದು ಲೆಕ್ಕ ಹಾಕಲು ಸಾಧ್ಯವಾಗಿರುವುದು, ಎರಡು ಶತಮಾನಗಳ ಹಿಂದೆ ದಣಿದ ಪ್ರವಾಸಿಗರು ಈ ಬೆಟ್ಟಗಳಲ್ಲಿ ಬರೆದಿಟ್ಟ ಅಂಕಿಗಳಿಂದಾಗಿಯೇ.